ಐಸ್ ಹಾಕಿ ಟ್ರೇಡ್ ತೂಗಿ ನೋಡುವುದು ಹೇಗೆ? ಎನ್‌ಎಚ್‌ಎಲ್ ಸ್ಯಾಲರಿ ಕ್ಯಾಪ್ ಲೆಕ್ಕದ ಸಮಗ್ರ ಮಾರ್ಗದರ್ಶಿ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ದೊಡ್ಡ ಟ್ರೇಡ್ ಒಂದು, ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲು, ಆದ ಕೂಡಲೇ ಶುರುವಾಗುವ ಜಗಳ ಯಾವಾಗಲೂ ಒಂದೇ: ಯಾರು ಗೆದ್ದರು, ಯಾರು ಟೋಪಿ ಹಾಕಿಸಿಕೊಂಡರು? ಹೆಚ್ಚಿನವರು ಎರಡೂ ಕಡೆಯ ಹೆಸರು ನೋಡುತ್ತಾರೆ, ಕಳೆದ ವರ್ಷದ ಗೋಲು ಎಣಿಸುತ್ತಾರೆ, ತೀರ್ಪು ಕೊಟ್ಟು ಎದ್ದು ಹೋಗುತ್ತಾರೆ. ಆದರೆ ಈ ಲೀಗ್‌ನಲ್ಲಿ ಆಟಗಾರ ಒಬ್ಬನೇ ಬರುವುದಿಲ್ಲ, ಅವನ ಒಪ್ಪಂದವೂ ಜೊತೆಗೆ ಬರುತ್ತದೆ. ಟ್ರೇಡ್ ಆಗುವುದು ಆಟಗಾರರ ನಡುವೆ ಎಷ್ಟೋ, ಒಪ್ಪಂದಗಳ ನಡುವೆಯೂ ಅಷ್ಟೇ.

ಇದನ್ನು ಕಲಿಯಲು ತಾರಾ ಫಾರ್ವರ್ಡ್ ಮಿಕ್ಕೊ ರಾಂಟನೆನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 2025ರ ಜನವರಿ 24ರಂದು ಕೊಲರಾಡೊ ಅವನನ್ನು ಕೆರೊಲಿನಾಗೆ ಕೊಟ್ಟಿತು. ಆರೇ ವಾರದಲ್ಲಿ, ಮಾರ್ಚ್ 7ರಂದು, ಕೆರೊಲಿನಾ ಅವನನ್ನು ಡಲ್ಲಾಸ್‌ಗೆ ದಾಟಿಸಿತು. ಕ್ಯಾಪ್ ಲೆಕ್ಕದ ಅರ್ಧಕ್ಕರ್ಧ ಪಾಠ ಈ ಎರಡು ಟ್ರೇಡ್‌ಗಳಲ್ಲೇ ಇದೆ. ಅದನ್ನೇ ಹಿಡಿದು ಹೋಗೋಣ, ಬೇಕಾದ ಕಡೆ ಬೇರೆಯವನ್ನೂ ಎಳೆದುಕೊಳ್ಳೋಣ. ಕೆಳಗಿನ ಮೊತ್ತಗಳೆಲ್ಲ ಅಮೆರಿಕನ್ ಡಾಲರ್. ಕೆನಡಾದ ತಂಡಗಳೂ ಸಂಬಳ ಕೊಡುವುದು ಅದರಲ್ಲೇ.

ಹಂತ 1: ಮೊದಲು ಗೆರೆ ಎಲ್ಲಿದೆ ನೋಡಿ

ಐಪಿಎಲ್ ಹರಾಜು ನೋಡಿದವರಿಗೆ ಪರ್ಸ್ ಅಂದರೆ ಗೊತ್ತು. ಕ್ಯಾಪ್ ಕೂಡ ಅದೇ ಜಾತಿಯದ್ದು: ಆಟಗಾರರ ಸಂಬಳಕ್ಕೆ ಒಂದು ತಂಡ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ. ಆದರೆ ಪರ್ಸಿನ ಬಿಸಿ ಮುಖ್ಯವಾಗಿ ಹರಾಜಿನ ಮೇಜಿನಲ್ಲಿ ತಟ್ಟುತ್ತದೆ, ಎನ್‌ಎಚ್‌ಎಲ್ ಕ್ಯಾಪ್ ಸೀಸನ್‌ನ ಪ್ರತಿ ದಿನವೂ ತಂಡದ ಮೇಲೆ ಕೂತಿರುತ್ತದೆ. ಇದು ಗಟ್ಟಿ ಕ್ಯಾಪ್. ದಂಡ ಕಟ್ಟಿ ದಾಟುತ್ತೇನೆ ಎಂದರೆ ನಡೆಯುವುದಿಲ್ಲ.

2004-05ರ ಸೀಸನ್ ಪೂರ್ತಿ ಲಾಕೌಟ್‌ನಲ್ಲಿ ಹೋದ ಮೇಲೆ ಬಂದ ನಿಯಮ ಇದು. ಮೊದಲ ವರ್ಷದ ಮಿತಿ 39 ಮಿಲಿಯನ್. ಕೋವಿಡ್ ಕಾಲದಲ್ಲಿ 81.5 ಮಿಲಿಯನ್‌ನಲ್ಲೇ ಮೂರು ಸೀಸನ್ ನಿಂತುಬಿಟ್ಟಿತ್ತು. 2024-25ಕ್ಕೆ 88 ಆಯಿತು, 2025-26ಕ್ಕೆ 95.5. ಕೆಳಗಡೆಯೂ ಒಂದು ಗೆರೆ ಇದೆ, ಅದಕ್ಕಿಂತ ಕಡಿಮೆ ಖರ್ಚು ಮಾಡುವಂತಿಲ್ಲ. 2025-26ಕ್ಕೆ ಅದು 70.6 ಮಿಲಿಯನ್. ಈ ಕೆಳಗಿನ ಗೆರೆಯನ್ನು ಮರೆಯಬೇಡಿ, ಕೆಲವು ವಿಚಿತ್ರ ಟ್ರೇಡ್‌ಗಳ ಗುಟ್ಟು ಅಲ್ಲೇ ಇರುತ್ತದೆ.

ಹಂತ 2: ಸಂಬಳ ಬಿಡಿ, ಕ್ಯಾಪ್ ಹಿಟ್ ಹಿಡಿಯಿರಿ

ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿದರೆ ಬರುವುದು ಕ್ಯಾಪ್ ಹಿಟ್. ರಾಂಟನೆನ್‌ನ ಹಳೇ ಒಪ್ಪಂದ 6 ವರ್ಷಕ್ಕೆ 55.5 ಮಿಲಿಯನ್. ಅಂದರೆ ವರ್ಷಕ್ಕೆ 9.25. ಯಾವ ವರ್ಷ ಕೈಗೆ ಎಷ್ಟು ಬಂತು ಎನ್ನುವುದು ಬೇರೆ ವಿಷಯ. ಒಂದು ವರ್ಷ ಜಾಸ್ತಿ, ಇನ್ನೊಂದು ವರ್ಷ ಕಡಿಮೆ ಇರಬಹುದು, ಕ್ಯಾಪ್ ಪುಸ್ತಕದಲ್ಲಿ ಮಾತ್ರ ಪ್ರತಿ ವರ್ಷ ಒಂದೇ ಅಂಕಿ.

ಹಾಗಂತ ಕೈಗೆ ಹೋಗುವ ದುಡ್ಡನ್ನು ಪೂರ್ತಿ ಮರೆಯುವಂತಿಲ್ಲ. ಹಣ ಬಿಗಿ ಇರುವ ತಂಡ ಕೆಳಗಿನ ಗೆರೆ ಮುಟ್ಟಬೇಕಾದರೆ ಏನು ಮಾಡುತ್ತದೆ? ಕ್ಯಾಪ್ ಹಿಟ್ ದೊಡ್ಡದು, ನಿಜವಾಗಿ ಕೊಡಬೇಕಾದದ್ದು ಚಿಕ್ಕದು, ಅಂಥ ಒಪ್ಪಂದ ಹುಡುಕುತ್ತದೆ. ಸಹಿ ಹಾಕಿದ್ದಕ್ಕೆ ಕೊಡುವ ಸೈನಿಂಗ್ ಬೋನಸ್ ಸಾಮಾನ್ಯವಾಗಿ ಜುಲೈ 1ಕ್ಕೆ ಸಂದಾಯವಾಗುತ್ತದೆ. ಹಾಗಾಗಿ ಜುಲೈ 2ರಂದು ಟ್ರೇಡ್‌ನಲ್ಲಿ ಬಂದ ಒಪ್ಪಂದವೂ ಜೂನ್ 30ರಂದು ಬಂದ ಒಪ್ಪಂದವೂ ಕಾಗದದ ಮೇಲೆ ಒಂದೇ, ಮಾಲೀಕನ ಜೇಬಿಗೆ ಬೇರೆ ಬೇರೆ.

ಅಂಕಿಗಳನ್ನು ಎಲ್ಲಿ ನೋಡುವುದು? ಬಹಳ ಕಾಲ ಎಲ್ಲರೂ ಕ್ಯಾಪ್‌ಫ್ರೆಂಡ್ಲಿ ನೋಡುತ್ತಿದ್ದರು. 2024ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಅದನ್ನೇ ಕೊಂಡುಕೊಂಡು ತನ್ನ ಒಳಗಿನ ಬಳಕೆಗೆ ಎಳೆದುಕೊಂಡಿತು, ಸೈಟ್ ಮುಚ್ಚಿತು. ಈಗ ಪಕ್‌ಪೀಡಿಯಾ ಇದೆ, ಸಾಕು.

ಹಂತ 3: ಡಾಲರ್ ಅನ್ನು ಶೇಕಡಕ್ಕೆ ತಿರುಗಿಸಿ

ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಸೊಟ್ಟಗಾಗುತ್ತದೆ. 2025ರ ಜನವರಿ 31ರಂದು, ರಾಂಟನೆನ್‌ನ ಮೊದಲ ಟ್ರೇಡ್ ಆಗಿ ಸರಿಯಾಗಿ ಒಂದು ವಾರಕ್ಕೆ, ಲೀಗ್ ಮತ್ತು ಆಟಗಾರರ ಸಂಘ ಮುಂದಿನ ಮೂರು ಸೀಸನ್‌ಗಳ ಮಿತಿಯ ಅಂದಾಜನ್ನು ಒಟ್ಟಿಗೇ ಹೊರಬಿಟ್ಟವು: 95.5, ಆಮೇಲೆ 104, ಆಮೇಲೆ 113.5 ಮಿಲಿಯನ್.

ಡಲ್ಲಾಸ್ ಅವನಿಗೆ ಕೊಟ್ಟ ಹೊಸ ಒಪ್ಪಂದ 8 ವರ್ಷಕ್ಕೆ 96 ಮಿಲಿಯನ್, ವರ್ಷಕ್ಕೆ 12. ಕೇಳಿದರೆ ಅಬ್ಬಾ ಅನಿಸುತ್ತದೆ. 95.5ರಲ್ಲಿ 12 ಅಂದರೆ ಶೇಕಡ 12.6. 104 ಆದಾಗ 11.5. 113.5 ಆದಾಗ 10.6. ಈಗ ಹಿಂದಕ್ಕೆ ಹೋಗಿ. 2019ರಲ್ಲಿ ಹಳೇ ಒಪ್ಪಂದಕ್ಕೆ ಸಹಿ ಹಾಕಿದಾಗ ಕ್ಯಾಪ್ 81.5, ಅದರಲ್ಲಿ 9.25 ಅಂದರೆ ಶೇಕಡ 11.3. ಅಂದರೆ ಹೊಸ ಒಪ್ಪಂದದ ಎರಡನೇ ವರ್ಷಕ್ಕೇ ಅವನ ಪಾಲು ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಬರುತ್ತದೆ. "12 ಮಿಲಿಯನ್ ಹುಚ್ಚು" ಎಂದು ಕೂಗಿದವರು ಹಳೇ ಕ್ಯಾಪಿನ ಕನ್ನಡಕ ಹಾಕಿಕೊಂಡೇ ನೋಡುತ್ತಿದ್ದರು. ಇನ್ನೊಂದು ಮಾತು, ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಅಲ್ಲಿನ 12ಕ್ಕೂ ಟೊರೊಂಟೊದ 12ಕ್ಕೂ ಆಟಗಾರನ ಕೈಯಲ್ಲಿ ಉಳಿಯುವುದು ಬೇರೆ ಬೇರೆ. ಕ್ಯಾಪ್ ಅದನ್ನು ನೋಡುವುದೇ ಇಲ್ಲ.

ಹಂತ 4: ಇನ್ನೆಷ್ಟು ವರ್ಷ, ಆಮೇಲೆ ಯಾರ ಹಕ್ಕು

ಒಪ್ಪಂದ ಮುಗಿದ ಮೇಲೆ ಆಟಗಾರ ಎಲ್ಲಿ ಬೇಕಾದರೂ ಹೋಗಬಹುದಾ, ಅಥವಾ ಹಕ್ಕು ಇನ್ನೂ ತಂಡದ ಬಳಿಯೇ ಇರುತ್ತದಾ? ಸಾಮಾನ್ಯವಾಗಿ 27 ವಯಸ್ಸು ಅಥವಾ 7 ಸೀಸನ್ ಆದವರು ಪೂರ್ತಿ ಸ್ವತಂತ್ರರು. ಅದಕ್ಕಿಂತ ಚಿಕ್ಕವರ ಮೇಲೆ ತಂಡದ ಹಿಡಿತ ಉಳಿದಿರುತ್ತದೆ.

ರಾಂಟನೆನ್ 2025ರ ಜುಲೈ 1ಕ್ಕೆ ಸ್ವತಂತ್ರನಾಗುವವನಿದ್ದ. ಅಂದರೆ ಕೆರೊಲಿನಾ ನಿಜವಾಗಿ ಕೊಂಡದ್ದು ಕೆಲವು ತಿಂಗಳ ಆಟ, ಜೊತೆಗೆ "ನಮ್ಮಲ್ಲೇ ಇರಪ್ಪಾ" ಎಂದು ಕೇಳುವ ಅವಕಾಶ. ಅವನು ಒಪ್ಪಲಿಲ್ಲ. ಅದೇ ಆಟಗಾರನಿಗೆ ಡಲ್ಲಾಸ್ ಕೊಟ್ಟ ಬೆಲೆಯಲ್ಲಿ 8 ವರ್ಷದ ಸಹಿಯೂ ಸೇರಿತ್ತು. ಆಟಗಾರ ಒಬ್ಬನೇ, ಸರಕು ಎರಡು. ಎರಡು ಟ್ರೇಡ್‌ಗಳ ಬೆಲೆ ಹೋಲಿಸುವಾಗ ಇದನ್ನು ಬೇರೆ ಮಾಡಿಟ್ಟುಕೊಳ್ಳಿ.

ಇನ್ನೊಂದು ತುದಿಯಲ್ಲಿ ಚೊಚ್ಚಲ ಒಪ್ಪಂದದ ಹುಡುಗರಿದ್ದಾರೆ. ರಾಂಟನೆನ್ ಬದಲಿಗೆ ಡಲ್ಲಾಸ್ ಕೊಟ್ಟ ಲೋಗನ್ ಸ್ಟಾಂಕೊವನ್‌ಗೆ ಆಗಷ್ಟೇ 22, ಕ್ಯಾಪ್ ಹಿಟ್ ಸುಮಾರು 8.14 ಲಕ್ಷ ಡಾಲರ್. ಮೊದಲ ಎರಡು ಸಾಲಿನಲ್ಲಿ, ಅಂದರೆ ತಂಡದ ಮುಖ್ಯ ಫಾರ್ವರ್ಡ್‌ಗಳ ಗುಂಪಿನಲ್ಲಿ, ಆಡಬಲ್ಲ ಹುಡುಗ ಒಂದು ಮಿಲಿಯನ್‌ಗೂ ಕಡಿಮೆಗೆ ಸಿಕ್ಕರೆ, ಉಳಿದ ದುಡ್ಡಿನಲ್ಲಿ ಇನ್ನೊಬ್ಬ ಡಿಫೆನ್ಸ್‌ಮನ್ ಬರುತ್ತಾನೆ. ಗೆಲ್ಲುವ ತಂಡಗಳು ಇಂಥವರನ್ನು ಕೊಡುವಾಗ ಹಲ್ಲು ಕಚ್ಚಿಕೊಂಡೇ ಕೊಡುತ್ತವೆ.

ಹಂತ 5: ಆ ದಿನ ಎಷ್ಟು ಜಾಗ ಇತ್ತು

ಕ್ಯಾಪ್ ಲೆಕ್ಕ ದಿನದ ಲೆಕ್ಕ. ಸೀಸನ್ ಸುಮಾರು 190 ದಿನ. ಮೊದಲ ದಿನ ನಿಮ್ಮ ತಂಡದಲ್ಲಿ 1 ಮಿಲಿಯನ್ ಜಾಗ ಉಳಿದಿದೆ, ಯಾರನ್ನೂ ಸೇರಿಸದೆ ಸುಮ್ನೆ ಕೂತಿರಿ ಅಂದುಕೊಳ್ಳಿ. ದಿನಕ್ಕಿಷ್ಟು ಉಳಿತಾಯ ಜಮೆ ಆಗುತ್ತಾ ಹೋಗುತ್ತದೆ. ಮಾರ್ಚ್ ಮೊದಲ ವಾರದ ಟ್ರೇಡ್ ಗಡುವಿನ ಹೊತ್ತಿಗೆ ಸೀಸನ್‌ನಲ್ಲಿ ಉಳಿಯುವುದು ಸುಮಾರು 42 ದಿನ. 190ನ್ನು 42ರಿಂದ ಭಾಗಿಸಿ. ಆ 1 ಮಿಲಿಯನ್ ಜಾಗದಲ್ಲಿ ಈಗ ವರ್ಷಕ್ಕೆ 4.5 ಮಿಲಿಯನ್ ಕ್ಯಾಪ್ ಹಿಟ್ ಇರುವವನು ಹಿಡಿಸುತ್ತಾನೆ. ಎಲ್ಲ ತಂಡಗಳೂ ಮಾರ್ಚ್‌ನಲ್ಲೇ ಅಂಗಡಿಗೆ ಇಳಿಯುವುದಕ್ಕೆ ಇದೂ ಒಂದು ಕಾರಣ.

ಇಲ್ಲೊಂದು ಬಲೆ ಇದೆ. ದೀರ್ಘಕಾಲದ ಗಾಯಾಳು ಪಟ್ಟಿಯನ್ನು, ಅಂದರೆ ಎಲ್‌ಟಿಐಆರ್ ಅನ್ನು ಬಳಸುವ ತಂಡಕ್ಕೆ ಈ ಜಮೆ ನಡೆಯುವುದಿಲ್ಲ. ಕನಿಷ್ಠ 10 ಪಂದ್ಯ ಮತ್ತು 24 ದಿನ ಆಡಲಾಗದ ಆಟಗಾರನನ್ನು ಅಲ್ಲಿ ಹಾಕಿದರೆ, ಅವನ ಬದಲಿಗೆ ಮಿತಿ ಮೀರಿ ಖರ್ಚು ಮಾಡಬಹುದು. ಡಲ್ಲಾಸ್ ಆ ವರ್ಷ ಮಾಡಿದ್ದು ಅದನ್ನೇ. 9.85 ಮಿಲಿಯನ್‌ನ ಟೈಲರ್ ಸೆಗಿನ್ ಸೊಂಟದ ಶಸ್ತ್ರಚಿಕಿತ್ಸೆಗೆ ಹೋಗಿದ್ದರಿಂದ ಜಾಗ ಸಿಕ್ಕಿತು. ಅವನು ಓಡಾಡಿಕೊಂಡಿದ್ದಿದ್ದರೆ ಈ ಟ್ರೇಡ್ ಇದೇ ರೂಪದಲ್ಲಿ ಆಗುತ್ತಿತ್ತಾ? ನನಗಂತೂ ಅನುಮಾನ.

ಹಂತ 6: ಸಂಬಳ ಯಾರು ಉಳಿಸಿಕೊಂಡರು

ಟ್ರೇಡ್ ತೂಗುವವರು ಜಾಸ್ತಿ ಜಾರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಆಟಗಾರನನ್ನು ಕೊಡುವ ತಂಡ ಅವನ ಕ್ಯಾಪ್ ಹಿಟ್‌ನ ಒಂದು ಪಾಲನ್ನು ತನ್ನ ತಲೆಯ ಮೇಲೇ ಇಟ್ಟುಕೊಳ್ಳಬಹುದು. ಗರಿಷ್ಠ ಅರ್ಧ. ಒಂದು ಒಪ್ಪಂದವನ್ನು ಹೀಗೆ ಎರಡು ಸಲ ಕತ್ತರಿಸಬಹುದು. ಒಂದು ತಂಡ ಒಂದು ಹೊತ್ತಿಗೆ ಇಂಥ ಮೂರು ಒಪ್ಪಂದ ಮಾತ್ರ ಹೊರಬಹುದು, ಎಲ್ಲ ಸೇರಿ ಕ್ಯಾಪ್ ಮಿತಿಯ ಶೇಕಡ 15 ದಾಟಬಾರದು. ಹೊತ್ತದ್ದು ಒಪ್ಪಂದ ಮುಗಿಯುವವರೆಗೂ ಇರುತ್ತದೆ. ಹಾಗಾಗಿ ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಅರ್ಧ ಹೊರುವುದು ಸಣ್ಣ ವಿಷಯ. ಐದು ವರ್ಷ ಬಾಕಿ ಇರುವ ಒಪ್ಪಂದದ ಅರ್ಧ ಹೊತ್ತರೆ, ಮೂರರಲ್ಲಿ ಒಂದು ಜಾಗ ಐದು ವರ್ಷ ಬೀಗ ಹಾಕಿಕೊಂಡಂತೆ.

ಇದರಿಂದ ಹುಟ್ಟಿದ್ದೇ ಮಧ್ಯವರ್ತಿ ತಂಡಗಳ ವ್ಯಾಪಾರ. 2023ರ ಫೆಬ್ರವರಿಯಲ್ಲಿ ರಯಾನ್ ಒ'ರೈಲಿ ಸೇಂಟ್ ಲೂಯಿಸ್‌ನಿಂದ ಟೊರೊಂಟೊಗೆ ಬಂದ. ಅವನ ಕ್ಯಾಪ್ ಹಿಟ್ 7.5 ಮಿಲಿಯನ್. ಸೇಂಟ್ ಲೂಯಿಸ್ ಅರ್ಧ ಉಳಿಸಿಕೊಂಡಿತು. ಮಧ್ಯೆ ಮಿನೆಸೋಟ ಕಾಲು ಭಾಗ ಹೊತ್ತಿತು, ಅದಕ್ಕೆ ಕೂಲಿಯಾಗಿ ಟೊರೊಂಟೊದಿಂದ 2025ರ ನಾಲ್ಕನೇ ಸುತ್ತಿನ ಪಿಕ್ (ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಒಂದು ಆಯ್ಕೆಯ ಹಕ್ಕು) ತೆಗೆದುಕೊಂಡಿತು. ಟೊರೊಂಟೊ ಪುಸ್ತಕಕ್ಕೆ ಬಂದದ್ದು ಬರೀ 1.875. ಹಿಂದೆ ಇದೆಲ್ಲ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಹೊಸ ನಿಯಮದ ಪ್ರಕಾರ ಮೊದಲ ಕತ್ತರಿಗೂ ಎರಡನೆಯದಕ್ಕೂ ನಡುವೆ ಸೀಸನ್‌ನ 75 ದಿನ ಕಳೆಯಬೇಕು. ಆ ಒಂದು ದಿನದ ಆಟ ಅಲ್ಲಿಗೆ ಮುಗಿಯಿತು.

ಈಗ ರಾಂಟನೆನ್‌ನ ಮೊದಲ ಟ್ರೇಡ್‌ನಲ್ಲಿ ಮೂರನೇ ತಂಡವಾಗಿ ಸೇರಿದ ಶಿಕಾಗೊ ಏನು ಮಾಡಿತು ನೋಡಿ. ತನ್ನ ಕೈದಾಟಿ ಹೋಗುವ ರಾಂಟನೆನ್‌ನ ಅರ್ಧವನ್ನು, ಅಂದರೆ 4.625 ಮಿಲಿಯನ್ ಅನ್ನು, ಉಳಿಸಿಕೊಂಡಿತು. ಜೊತೆಗೆ 6 ಮಿಲಿಯನ್‌ನ ಟೇಲರ್ ಹಾಲ್‌ನನ್ನು ಕೆರೊಲಿನಾಗೆ ಕಳಿಸಿತು. ಅಂದರೆ ಇನ್ನೊಬ್ಬರ ಆಟಗಾರನ ಅರ್ಧ ಸಂಬಳ ಹೊತ್ತ ಮೇಲೂ ಶಿಕಾಗೊದ ಕ್ಯಾಪ್ ಲೆಕ್ಕ 1.375 ಮಿಲಿಯನ್ ಹಗುರವಾಯಿತು! ಅದರ ಮೇಲೆ, ಮೊದಲು ಕೆರೊಲಿನಾ ಪಾಲಾಗಿದ್ದ ತನ್ನದೇ 2025ರ ಮೂರನೇ ಸುತ್ತಿನ ಪಿಕ್ ಮರಳಿ ಬಂತು. ಎರಡೂ ಒಪ್ಪಂದ ಆ ಬೇಸಿಗೆಗೇ ಮುಗಿಯುವಂಥವು, ಮುಂದಿನ ವರ್ಷಕ್ಕೆ ಚಿಕ್ಕಾಸಿನ ಹೊರೆಯಿಲ್ಲ. ಆ ದಿನ ಶಿಕಾಗೊ ಬಗ್ಗೆ ಯಾರೂ ಮಾತಾಡಲಿಲ್ಲ, ಮಾತಾಡಬೇಕಿತ್ತು.

ಹಂತ 7: ಹೊರೆ ಇಳಿಸಿಕೊಳ್ಳಲು ಕೊಟ್ಟ ಬೆಲೆ

ಕೆಲವು ಟ್ರೇಡ್‌ಗಳಲ್ಲಿ ಆಟಗಾರನನ್ನೂ ಕೊಟ್ಟು ಮೇಲೆ ಪಿಕ್ಕನ್ನೂ ಕೊಟ್ಟಿರುತ್ತಾರೆ. ಹೊಸಬರಿಗೆ ತಲೆಬುಡ ಅರ್ಥವಾಗುವುದಿಲ್ಲ. ಅಲ್ಲಿ ಆಟಗಾರನೇ ಸಾಲ, ಪಿಕ್ ಆ ಸಾಲ ಹೊರುವವನಿಗೆ ಕೊಡುವ ಕೂಲಿ.

2019ರ ಜೂನ್‌ನಲ್ಲಿ ಟೊರೊಂಟೊಗೆ ಜಾಗ ಬೇಕಿತ್ತು. ಪ್ಯಾಟ್ರಿಕ್ ಮಾರ್ಲೊನ 6.25 ಮಿಲಿಯನ್‌ನ ಕೊನೆಯ ವರ್ಷವನ್ನು ಕೆರೊಲಿನಾ ಹೊತ್ತುಕೊಂಡಿತು. ಅದಕ್ಕೆ ಟೊರೊಂಟೊ ಕೊಟ್ಟದ್ದು 2020ರ ಮೊದಲ ಸುತ್ತಿನ ಪಿಕ್ ಮತ್ತು ಒಂದು ಏಳನೇ ಸುತ್ತಿನದು, ಬಂದದ್ದು ಒಂದು ಆರನೇ ಸುತ್ತಿನದು. ಪಿಕ್ ಮೊದಲ ಹತ್ತರೊಳಗೆ ಬಂದರೆ ಕೊಡುವುದಿಲ್ಲ ಎಂಬ ರಕ್ಷಣೆ ಇತ್ತು, ಅದು 13ನೆಯದಾಗಿ ಬಂತು. ಕೆರೊಲಿನಾ ಅದರಲ್ಲಿ ಸೆತ್ ಜಾರ್ವಿಸ್‌ನನ್ನು ಆರಿಸಿಕೊಂಡಿತು, ಇವತ್ತು ಅವನು ಆ ತಂಡದ ಮುಖ್ಯ ಫಾರ್ವರ್ಡ್‌ಗಳಲ್ಲೊಬ್ಬ. ಮಾರ್ಲೊನನ್ನು ಕೆರೊಲಿನಾ ಆಡಿಸಲೇ ಇಲ್ಲ, ಬೈಔಟ್ ಮಾಡಿ, ಅಂದರೆ ದುಡ್ಡು ಕೊಟ್ಟು ಒಪ್ಪಂದ ಮುಗಿಸಿ, ಬಿಟ್ಟಿತು. ಸಾಮಾನ್ಯ ಬೈಔಟ್‌ನಲ್ಲಿ ಬಾಕಿ ಸಂಬಳದ ಮೂರರಲ್ಲಿ ಎರಡು ಭಾಗವನ್ನು ದುಪ್ಪಟ್ಟು ವರ್ಷಗಳಿಗೆ ಹಂಚುತ್ತಾರೆ, ಕ್ಯಾಪಿಗೆ ಒಂದಿಷ್ಟು ಉಸಿರು ಸಿಗುತ್ತದೆ. 35 ದಾಟಿದ ಮೇಲೆ ಸಹಿ ಹಾಕಿದ ಮಾರ್ಲೊನಂಥವರ ಒಪ್ಪಂದದಲ್ಲಿ ಆ ರಿಯಾಯಿತಿಯೂ ಇರಲಿಲ್ಲ. ಟೊರೊಂಟೊ ತಾನೇ ಬೈಔಟ್ ಮಾಡದೆ ಇಷ್ಟು ದುಬಾರಿ ಕೂಲಿ ಕೊಟ್ಟದ್ದು ಅದಕ್ಕೇ.

2016ರಲ್ಲಿ ಡೆಟ್ರಾಯಿಟ್ ಇನ್ನೂ ಜಾಣತನದಿಂದ ಕೂಲಿ ಕೊಟ್ಟಿತು. ಪಾವೆಲ್ ಡಟ್ಸುಕ್ ರಷ್ಯಾಕ್ಕೆ ಮರಳಿದ್ದ, ಅವನ 7.5 ಮಿಲಿಯನ್ ಮಾತ್ರ ಪುಸ್ತಕದಲ್ಲಿ ಉಳಿದಿತ್ತು. ಕೆಳಗಿನ ಗೆರೆ ಮುಟ್ಟಲು ಅಂಕಿ ಬೇಕಿದ್ದ ಅರಿಝೋನಾ ಅದನ್ನು ತೆಗೆದುಕೊಂಡಿತು. ಡೆಟ್ರಾಯಿಟ್ 16ನೇ ಪಿಕ್ ಕೊಟ್ಟು 20 ಮತ್ತು 53ನೇ ಪಿಕ್ ಪಡೆಯಿತು. ನಾಲ್ಕು ಜಾಗ ಹಿಂದೆ ಸರಿದದ್ದೇ ಬೆಲೆ ಅಂದುಕೊಂಡಿತು. ಆ 16ರಲ್ಲಿ ಅರಿಝೋನಾ ಯಾಕೋಬ್ ಚಿಕ್ರನ್‌ನನ್ನು ಹಿಡಿಯಿತು ಅನ್ನುವುದು ಡೆಟ್ರಾಯಿಟ್‌ನ ದುರದೃಷ್ಟ.

ಹೊರೆ ಇಳಿಸುವ ಇನ್ನೊಂದು ದಾರಿ, ಆಟಗಾರನನ್ನು ಕೆಳಹಂತದ ಲೀಗ್ ಆದ ಎಎಚ್‌ಎಲ್‌ಗೆ ಕಳಿಸುವುದು. ಅದರಿಂದ ಪೂರ್ತಿ ಹೊರೆ ಇಳಿಯುವುದಿಲ್ಲ. 2025-26ರಲ್ಲಿ ಮಾಫಿ ಸಿಗುವುದು 1.15 ಮಿಲಿಯನ್ ಮಾತ್ರ, ಉಳಿದದ್ದು ಅಲ್ಲೇ ಕೂತಿರುತ್ತದೆ.

ಹಂತ 8: ಕಾಗದದ ಅಡ್ಡಿಗಳು

ಬೇಗ ಮುಗಿಸೋಣ. ಒಪ್ಪಂದದಲ್ಲಿ ಟ್ರೇಡ್ ಬೇಡ ಎಂಬ ಷರತ್ತು ಇದೆಯಾ ನೋಡಿ. ಕೆಲವರು ಹತ್ತು ತಂಡಗಳ ಪಟ್ಟಿ ಕೊಟ್ಟು ಅಲ್ಲಿಗೆ ಹೋಗಲ್ಲ ಅನ್ನಬಹುದು, ಕೆಲವರು ಎಲ್ಲಿಗೂ ಹೋಗಲ್ಲ ಅನ್ನಬಹುದು. ಅಂಥವನಿಗೆ ಕಡಿಮೆ ಬೆಲೆ ಬಂತು ಎಂದು ಮ್ಯಾನೇಜರ್‌ಗೆ ಬೈಯುವ ಮೊದಲು, ಅವನ ಮುಂದೆ ಎಷ್ಟು ಗಿರಾಕಿ ಇದ್ದರು ಎಂದು ಎಣಿಸಿ. ಆಮೇಲೆ 23 ಜನರ ರೋಸ್ಟರ್ ಮಿತಿ, 50 ಒಪ್ಪಂದಗಳ ಮಿತಿ. ದೊಡ್ಡ ಟ್ರೇಡ್‌ನ ಬಾಲದಲ್ಲಿ ಹೆಸರೇ ಕೇಳದ ಹುಡುಗನೊಬ್ಬ ಆ ಕಡೆ ಹೋಗಿದ್ದರೆ, ಬಹಳ ಸಲ ಕಾರಣ ಈ 50.

ಹಂತ 9: ಈಗ ಎರಡು ಕಾಲಂ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಒಂದು ಕಾಲಂ ಈ ಸೀಸನ್, ಇನ್ನೊಂದು ಮುಂದಿನ ಸೀಸನ್‌ಗಳು. ಪ್ರತಿ ತಂಡಕ್ಕೂ ಹೋದ ಕ್ಯಾಪ್ ಹಿಟ್, ಬಂದ ಕ್ಯಾಪ್ ಹಿಟ್ ಬರೆಯಿರಿ.

ಕೊಲರಾಡೊದಿಂದ 9.25 ಹೋಯಿತು. ಮಾರ್ಟಿನ್ ನೆಚಾಸ್ 6.5, ಜ್ಯಾಕ್ ಡ್ರೂರಿ 1.725, ಒಟ್ಟು 8.225 ಬಂತು. ಜೊತೆಗೆ ಒಂದು ಎರಡನೇ ಸುತ್ತು, ಒಂದು ನಾಲ್ಕನೇ ಸುತ್ತಿನ ಪಿಕ್. ಈ ಸೀಸನ್‌ಗೆ 1 ಮಿಲಿಯನ್‌ಗೆ ಸ್ವಲ್ಪ ಮೇಲೆ ಉಳಿಯಿತು. ಇನ್ನೂ ಮುಖ್ಯವಾದದ್ದು, ನೆಚಾಸ್‌ಗೆ 6.5ರಲ್ಲೇ ಇನ್ನೊಂದು ವರ್ಷ ಬಾಕಿ ಇತ್ತು. ರಾಂಟನೆನ್‌ಗೆ 12ರ ಹತ್ತಿರ ಕೊಡುವುದನ್ನು ತಪ್ಪಿಸಿಕೊಂಡರು ಎಂದು ಆಗ ಹೊಗಳಿದವರೂ ಇದ್ದರು. ಆದರೆ 2025ರ ಅಕ್ಟೋಬರ್‌ನಲ್ಲಿ ಕೊಲರಾಡೊ ಅದೇ ನೆಚಾಸ್‌ಗೆ 8 ವರ್ಷಕ್ಕೆ 92 ಮಿಲಿಯನ್, ವರ್ಷಕ್ಕೆ 11.5 ಕೊಟ್ಟಿತು. ಅಂದರೆ ಉಳಿತಾಯದ ಆಯಸ್ಸು ಒಂದೇ ವರ್ಷ. ಅದರ ನಡುವೆ 2025ರ ಪ್ಲೇಆಫ್‌ನ ಮೊದಲ ಸುತ್ತಿನ ಏಳನೇ ಪಂದ್ಯದಲ್ಲಿ, ಡಲ್ಲಾಸ್ ಜೆರ್ಸಿಯಲ್ಲಿ ರಾಂಟನೆನ್ ಮೂರನೇ ಪಿರಿಯಡ್‌ನಲ್ಲಿ ಹ್ಯಾಟ್ರಿಕ್ ಹೊಡೆದು ಕೊಲರಾಡೊವನ್ನೇ ಮನೆಗೆ ಕಳಿಸಿದ. ಅದನ್ನು ಯಾವ ಕಾಲಂನಲ್ಲಿ ಬರೆಯುತ್ತೀರೋ ನಿಮಗೆ ಬಿಟ್ಟದ್ದು.

ಕೆರೊಲಿನಾಗೆ ಮೊದಲ ಟ್ರೇಡ್‌ನಲ್ಲಿ 8.225 ಹೋಯಿತು, ರಾಂಟನೆನ್ 4.625 ಮತ್ತು ಹಾಲ್ 6 ಸೇರಿ 10.625 ಬಂತು. 2.4 ಮಿಲಿಯನ್ ಜಾಸ್ತಿ. 13 ಪಂದ್ಯ ಆಡಿಸಿ ಅವನನ್ನು ಬಿಟ್ಟುಕೊಟ್ಟರು. ನಕ್ಕವರು ಬಹಳ. ಈಗ ಎರಡೂ ಟ್ರೇಡ್ ಕೂಡಿಸಿ: ಹೋದದ್ದು ನೆಚಾಸ್, ಡ್ರೂರಿ, ಎರಡು, ಮೂರು ಮತ್ತು ನಾಲ್ಕನೇ ಸುತ್ತಿನ ಪಿಕ್‌ಗಳು. ಉಳಿದದ್ದು ಹಾಲ್, ಸ್ಟಾಂಕೊವನ್, ಎರಡು ಮೊದಲ ಸುತ್ತು, ಎರಡು ಮೂರನೇ ಸುತ್ತು. ಹಾಲ್ ಆಮೇಲೆ 3 ವರ್ಷಕ್ಕೆ 9.5 ಮಿಲಿಯನ್‌ಗೆ ಉಳಿದುಕೊಂಡ, ಸ್ಟಾಂಕೊವನ್ 8 ವರ್ಷಕ್ಕೆ 48 ಮಿಲಿಯನ್‌ಗೆ. ಅಂದರೆ 2026-27ರಲ್ಲಿ ಇಬ್ಬರೂ ಸೇರಿ ಸುಮಾರು 9.2, ನೆಚಾಸ್ ಒಬ್ಬನೇ 11.5. ದೊಡ್ಡ ತಾರೆ ಕೈತಪ್ಪಿದ್ದು ನಿಜ, ಲೆಕ್ಕ ತಪ್ಪಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಡಲ್ಲಾಸ್ ವಿಷಯದಲ್ಲಿ ಎರಡನೇ ಕಾಲಂ ಇಲ್ಲದೆ ನಡೆಯುವುದೇ ಇಲ್ಲ. ಶಿಕಾಗೊ ಹೊತ್ತ ಅರ್ಧ ಒಪ್ಪಂದದ ಜೊತೆಗೇ ಓಡಾಡುತ್ತದೆ, ಹಾಗಾಗಿ ಡಲ್ಲಾಸ್‌ಗೂ ಅವನು 4.625ಕ್ಕೇ ಬಂದ. ಆ ಸೀಸನ್‌ನ ಹೆಚ್ಚುವರಿ ಹೊರೆ 3.8 ಮಿಲಿಯನ್ ಮಾತ್ರ. ಮುಂದಿನ ಸೀಸನ್‌ಗೆ ಅದು 11 ಮಿಲಿಯನ್ ದಾಟಿತು. ಬೇಸಿಗೆಯಲ್ಲಿ ಬಿಲ್ ಬಂತು. 4.5 ಮಿಲಿಯನ್‌ನ ಮೇಸನ್ ಮಾರ್ಚ್‌ಮೆಂಟ್‌ನನ್ನು ಬರೀ ಪಿಕ್‌ಗಳಿಗೆ ಸಿಯಾಟಲ್‌ಗೆ ಕೊಟ್ಟರು. 3.75 ಮಿಲಿಯನ್‌ನ ಮ್ಯಾಟ್ ಡುಂಬಾ ಜೊತೆಗೆ 2028ರ ಎರಡನೇ ಸುತ್ತಿನ ಪಿಕ್ ಸೇರಿಸಿ ಪಿಟ್ಸ್‌ಬರ್ಗ್‌ಗೆ ದಾಟಿಸಿದರು. ರಾಂಟನೆನ್‌ನ ಬೆಲೆ ಬರೆಯುವಾಗ ಇವನ್ನೂ ಸೇರಿಸಿ. ಸೇರಿಸಿದ ಮೇಲೂ ನಾನು ಡಲ್ಲಾಸ್ ಪರವೇ.

ಹಂತ 10: 2025-26ರಿಂದ ಒಂದು ಕಾಲಂ ಜಾಸ್ತಿ

ಹಿಂದೆ ಪ್ಲೇಆಫ್‌ನಲ್ಲಿ ಕ್ಯಾಪ್ ಇರಲಿಲ್ಲ. 9.5 ಮಿಲಿಯನ್‌ನ ನಿಕಿತಾ ಕುಚೆರೋವ್ 2020-21ರ ಸೀಸನ್ ಪೂರ್ತಿ ಎಲ್‌ಟಿಐಆರ್‌ನಲ್ಲಿದ್ದ, ಪ್ಲೇಆಫ್‌ನ ಮೊದಲ ಪಂದ್ಯಕ್ಕೇ ಮರಳಿದ, ಟ್ಯಾಂಪಾ ಕಪ್ ಎತ್ತಿತು. ಎಲ್ಲವೂ ನಿಯಮದೊಳಗೇ. ಈಗ ಪ್ಲೇಆಫ್ ಪಂದ್ಯಕ್ಕೆ ಇಳಿಯುವ 20 ಜನರ ಮೊತ್ತವೂ ಮಿತಿಯೊಳಗೆ ಇರಬೇಕು. ಎಲ್‌ಟಿಐಆರ್ ಆಟಗಾರ ಅದೇ ವರ್ಷ ಮರಳುವ ಹಾಗಿದ್ದರೆ, ಅವನ ಬದಲಿಗೆ ಸಿಗುವ ರಿಯಾಯಿತಿಗೂ ಕಡಿವಾಣ ಇದೆ: ಹಿಂದಿನ ಸೀಸನ್‌ನ ಲೀಗ್ ಸರಾಸರಿ ಸಂಬಳದಷ್ಟು ಮಾತ್ರ.

ಹಾಗಾಗಿ ಗಡುವಿನ ದಿನ ಯಾವುದಾದರೂ ತಂಡ ಗಾಯಾಳುವಿನ ಜಾಗದಲ್ಲಿ ದೊಡ್ಡ ಹೆಸರು ತಂದರೆ, ಕೊನೆಗೆ ಆ 20 ಹೆಸರು ಬರೆದು ಕೂಡಿಸಿ ನೋಡಿ. ಗಾಯಾಳು ಮರಳಿದ ದಿನ ಯಾರು ಬೆಂಚಿನಿಂದಲೂ ಆಚೆ ಹೋಗುತ್ತಾರೆ, ಅವರ ಕ್ಯಾಪ್ ಹಿಟ್ ಎಷ್ಟು ಎಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.